ಸದಸ್ಯರಲ್ಲದವರ ರೆಕ್ವಿಯೆಮ್

ಸೆಪ್ಟೆಂಬರ್ 9, 2025, ಮಂಗಳವಾರ

ಕರೆದರು, ಹೋದೆ. ಇದರಲ್ಲಿ ಅಡಗಿಸುವಂಥದ್ದು ಏನೂ ಇಲ್ಲ.

ಪಕ್ಕದ ಮನೆಯ ಅಸುಂತಾ ಬೇಸಗೆಯಿಡೀ ಬೇಲಿಯಾಚೆಯಿಂದ ನನ್ನ ಹಾಡು ಕೇಳುತ್ತಿದ್ದಳಂತೆ. ಹಿತ್ತಲಲ್ಲಿ ಬಸಳೆಗೆ ನೀರು ಬಿಡುವಾಗ ನಾನು ಹಾಡುವುದುಂಟು. ಹಾಡುವುದು ಆಲ್ಟೋ ಮಾತ್ರ, ಹೆಂಗಸರ ಕೆಳದನಿಯ ಸಾಲು. ರಾಗವನ್ನು ಮೇಲುದನಿಯ ಸೊಪ್ರಾನೊದವರು ಹಾಡುತ್ತಾರೆ, ಆಲ್ಟೋ ಅದರ ಕೆಳಗೆ ನಿಂತು ಭಾರ ಹೊರುತ್ತದೆ. ಊರಿನಲ್ಲಿ, ಮುಲ್ಕಿಯ ಶಾಲೆಯಲ್ಲಿ, ಚಿಕ್ಕಂದಿನಲ್ಲೇ ನನ್ನನ್ನು ಆ ಸಾಲಿನಲ್ಲಿ ನಿಲ್ಲಿಸಿದರು, ಇಂದಿನವರೆಗೂ ಅಲ್ಲಿಂದ ಕದಲಿಲ್ಲ. ರಾಗ ಬಿಟ್ಟು ಆಲ್ಟೋ ಒಂದನ್ನೇ ಕೇಳಿದವರು, ಪಾಪ, ಈ ಮುದುಕಿಗೆ ಹಾಡು ಬರುವುದಿಲ್ಲ ಅಂದುಕೊಳ್ಳುತ್ತಾರೆ. ಅಸುಂತಾ ಮಾತ್ರ ಬೇಲಿಗೆ ಮೊಣಕೈ ಊರಿ, “ಲಿಡಿಯಾ, ಯು ಆರ್ ಆನ್ ಆಲ್ಟೋ! ನಮ್ಮ ಚರ್ಚಿನ ಆಲ್ಟೋಗಳೆಲ್ಲ ಸತ್ತೇ ಹೋದರು!” ಎಂದು ಕೂಗಿದಳು.

ಅವಳ ಚರ್ಚು ಎರಡು ಬೀದಿ ಆಚೆ. ನಮ್ಮ ಹಾಗೆ ಈ ದೇಶಕ್ಕೆ ಬಂದು ನೆಲೆಸಿದ ಇಟಲಿಯವರದು, ಕಥೋಲಿಕರದು. ನವೆಂಬರ್ ಎರಡು ಅವರಿಗೆ ಸತ್ತವರ ದಿನ. ಆ ದಿನ ರೆಕ್ವಿಯೆಮ್ ಹಾಡುತ್ತಾರಂತೆ. ರೆಕ್ವಿಯೆಮ್ ಎಂದರೆ ಸತ್ತವರ ಆತ್ಮಕ್ಕೆ ಶಾಂತಿ ಬೇಡುವ ಬಲಿಪೂಜೆಯ ಹಾಡು, ಭಾಷೆ ಲ್ಯಾಟಿನ್.

ನಾವು ಪ್ರೊಟೆಸ್ಟೆಂಟರು. ಸತ್ತವರಿಗಾಗಿ ಪ್ರಾರ್ಥಿಸುವುದಿಲ್ಲ. ಮನುಷ್ಯ ಕಣ್ಣು ಮುಚ್ಚಿದ ಗಳಿಗೆಗೆ ಅವನ ತೀರ್ಪು ಆಯಿತು. ಆಮೇಲೆ ಮೇಣದಬತ್ತಿ ಹಚ್ಚಿದರೆ ದೇವರು ತಿದ್ದಿ ಬರೆಯುವವನಲ್ಲ. ಇದನ್ನು ಅಸುಂತಾಳಿಗೂ ಹೇಳಿಯೇ ಅಭ್ಯಾಸಕ್ಕೆ ಹೋದೆ. “ನಾನು ಸ್ವರ ಹಾಡುತ್ತೇನೆ, ಪ್ರಾರ್ಥನೆ ನಿಮ್ಮದು.”

ಸೊಸೆ ಕ್ಷಮಾ ಹುಬ್ಬೇರಿಸಿದಳು. “ಅಮ್ಮ, ಕ್ಯಾಥಲಿಕ್ ಚರ್ಚಿಗಾ? ನಿಮಗೆ ಓಕೆ ಉಂಟಾ?”

“ಸ್ವರಕ್ಕೆ ಎಂತ ಜಾತಿ?” ಎಂದೆ.

ಅವಳು ಮಗ ಲತೀಶನ ಮುಖ ನೋಡಿದಳು. ಅವನು, ಹೋಗಲಿ ಬಿಡು ಎನ್ನುವ ಹಾಗೆ ಕಣ್ಣು ಮಾಡಿದ. ಮಾರ್ಚಿನಲ್ಲಿ ನನ್ನ ಗಂಡ ಮೋಹನದಾಸರು ತೀರಿಕೊಂಡ ಮೇಲೆ ಮನೆಯವರೆಲ್ಲ ನನ್ನನ್ನು ಬಿರುಕು ಬಿಟ್ಟ ಗಾಜಿನ ಲೋಟದ ಹಾಗೆ ಹಿಡಿಯುತ್ತಾರೆ. ನಾನು ಸ್ಟೀಲು.

ಸೆಪ್ಟೆಂಬರ್ 16, ಮಂಗಳವಾರ

ಈ ಹಾಡು ಬರೆದವನ ಹೆಸರು ಒನೊಫ್ರಿಯೊ ಕಿಯಾರೆಲ್ಲಾ. ಇನ್ನೂರೈವತ್ತು ವರ್ಷದ ಹಿಂದಿನವನು. ಇಟಲಿಯವರಿಗೇ ಇವನ ಹೆಸರು ಗೊತ್ತಿಲ್ಲ. ಹಾಡಿಸುವವನು ಡಾರಿಯೊ, ನಿವೃತ್ತ ಸಂಗೀತದ ಮೇಷ್ಟ್ರು. ಅವನ ತಂದೆಯ ಊರಿನ ಚರ್ಚಿನಲ್ಲಿ ಇಲಿ ತಿಂದುಳಿದ ಹಾಳೆಗಳಿಂದ ಪ್ರತಿ ತೆಗೆಸಿಕೊಂಡು ಬಂದನಂತೆ.

ಇಲಿಗೆ ರುಚಿ ತಿಳಿದಿತ್ತು ಎನ್ನಬೇಕು. ಸಾವಿನ ಹಾಡಿಗೆ ಇಷ್ಟು ಕುಣಿತವೇ? ಪಿಟೀಲುಗಳು ಮದುವೆ ಮನೆಯಲ್ಲಿ ಓಡಾಡುವ ಹುಡುಗಿಯರ ಹಾಗೆ ಮೇಲೆ ಕೆಳಗೆ ಓಡುತ್ತವೆ. ದೇವರ ಕೋಪದ ದಿನದ ಬಗ್ಗೆ ಒಂದು ಭಾಗವಿದೆ. ಅದಂತೂ ಜೋಕಾಲಿ. ನಮ್ಮ ಊರಿಗೆ ಜರ್ಮನ್ ಪಾದ್ರಿಗಳು ತಂದ ಕೀರ್ತನೆಗಳು ಕಗ್ಗಲ್ಲಿನ ಕಟ್ಟಡದ ಹಾಗೆ ನಿಲ್ಲುತ್ತಿದ್ದವು. ಅದನ್ನು ಹಾಡಿ ಬೆಳೆದ ಗಂಟಲಿಗೆ ಇದು ಪಾನಕ.

ಡಾರಿಯೊ ಪೆನ್ಸಿಲಿನಿಂದ ಸ್ಟ್ಯಾಂಡು ಕುಟ್ಟಿ ನಿಲ್ಲಿಸಿದ. “ಲಿಡಿಯಾ, ನೀನು ಗೋಡೆಯ ಹಾಗೆ ಹಾಡುತ್ತಿ.”

“ಥ್ಯಾಂಕ್ಯೂ,” ಎಂದೆ.

“ಹೊಗಳಿದ್ದಲ್ಲ.”

ಸಾಲಿನವರೆಲ್ಲ ನಕ್ಕರು. ನಗಲಿ. ಗೋಡೆ ಇಲ್ಲದೆ ಮನೆಯ ಮಾಡು ನಿಲ್ಲುವುದಿಲ್ಲ.

ನನಗೆ ಅವರ ಗೆರೆ-ಚುಕ್ಕೆಯ ಸ್ವರಲಿಪಿ ಓದುವುದು ನಿಧಾನ. ಮನೆಗೆ ತಂದು ಇಡೀ ಆಲ್ಟೋ ಭಾಗವನ್ನು ನಮ್ಮ ಕ್ರಮದಲ್ಲಿ ದ-ರ-ಮ-ಫ ಎಂದು ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ, ಕೆಳಗೆ ಲ್ಯಾಟಿನ್ ಪದಗಳನ್ನೂ ಕನ್ನಡದಲ್ಲೇ. ಅವರು ಕೊಟ್ಟ ಪುಸ್ತಕದ ಎಡಪುಟದಲ್ಲಿ ಇಂಗ್ಲಿಷಿನ ಅರ್ಥ ಇದೆ. ಆ ಪುಟಗಳಿಗೆಲ್ಲ ಕಂದು ಕಾಗದ ಅಂಟಿಸಿದೆ. ಅರ್ಥ ತಿಳಿಯದೆ ಹಾಡಿದ್ದು ಪ್ರಾರ್ಥನೆ ಆಗುವುದಿಲ್ಲ. ಇಷ್ಟು ಜಾಗ್ರತೆ ಸಾಕು.

ಸೆಪ್ಟೆಂಬರ್ 28, ಭಾನುವಾರ

ಎಣಿಸಿದ ಹಾಗೆಯೇ ಆಯಿತು.

ಎರಡನೆಯ ಮತ್ತು ನಾಲ್ಕನೆಯ ಭಾನುವಾರ ನಮ್ಮ ಕನ್ನಡ ಪ್ರೊಟೆಸ್ಟೆಂಟ್ ಸಭೆ ಪೋರ್ಟ್ ಕ್ರೆಡಿಟ್ಟಿನ ಒಂದು ಹಳೆಯ ಚರ್ಚಿನ ಹಾಲಿನಲ್ಲಿ ಸೇರುತ್ತದೆ. ಗಾಯನ ಮಂಡಳಿ ಕಟ್ಟಿದವಳು ನಾನು. ಸ್ವರವೇ ಗೊತ್ತಿಲ್ಲದವರನ್ನು ಸಾಲಾಗಿ ನಿಲ್ಲಿಸಿ ಬೆನ್ನಿಗೆ ಗುದ್ದಿ ಕಲಿಸಿದ್ದೇನೆ. ಮುಂದಿನ ಸಾಲಿನ ಎಡಗಡೆಯ ಮೊದಲ ಕುರ್ಚಿ ನನ್ನದು ಎಂದು ಮಕ್ಕಳಿಗೂ ಗೊತ್ತು.

ಇಟಲಿ ಚರ್ಚಿನವರು ಫೇಸ್‌ಬುಕ್ಕಿನಲ್ಲಿ ಅಭ್ಯಾಸದ ಫೋಟೋ ಹಾಕಿದ್ದಾರೆ. ನಡುವೆ ನಾನು, ಹಸಿರು ಕೈಮಗ್ಗದ ಸೀರೆ. ಸೆಕ್ರೆಟರಿ ನಿಜಗುಣ ಚಹಾದ ಹೊತ್ತಿಗೆ ಫೋನು ಹಿಡಿದುಕೊಂಡೇ ಬಂದ. ಅವನು ಗದಗ ಕಡೆಯವನು, ಮಾತು ಹುರಿಗಡಲೆ ಜಗಿದ ಹಾಗೆ.

“ಅಮ್ಮಾರ, ಪೋಪ್ ಅರಾಮ್ ಅದಾರೇನ್ರಿ?”

“ಕೇಳಿ ಹೇಳುತ್ತೇನೆ. ನಿಮ್ಮ ಸಕ್ಕರೆ ಕಾಯಿಲೆ ಹೇಗುಂಟು?” ಎಂದೆ. ಅವನ ಕೈಯಲ್ಲಿ ಮೂರನೆಯ ಜಿಲೇಬಿ ಇತ್ತು.

ಹೆಂಗಸರು ನಕ್ಕರು. ಅವನು ನಗಲಿಲ್ಲ. “ತಮಾಷಿ ಅಲ್ರಿ. ಸತ್ತವರಿಗೆ ಹಾಡೂದು ನಮ್ಮ ಬೋಧನಾಕ್ಕ ವಿರುದ್ಧ ಐತಿ. ಮಂಡಳಿ ಲೀಡರ್ ಹಂಗ ಮಾಡಿದ್ರ ಜನ ಏನ್ ಕಲೀಬೇಕ್ರಿ? ನಿಯಮ ನಿಯಮ ಅಂತ ನಮಗ ಕಲಿಸಿದವ್ರ ನೀವು.”

ಹೌದು, ಕಲಿಸಿದ್ದು ನಾನೇ. ಮಂಡಳಿ ಹಾಡುವುದು ಸಭೆಯ ಸದಸ್ಯರ ಸಾವಿಗೆ ಮಾತ್ರ ಎಂಬ ನಿಯಮ ತಂದದ್ದೂ ನಾನು. ಕ್ರಿಸ್ಮಸ್ಸಿನ ಬಿರಿಯಾನಿಗೆ ಮಾತ್ರ ಮುಖ ತೋರಿಸುವವರು ಮನೆಯಲ್ಲಿ ಸಾವಾದರೆ ಫೋನು ಮಾಡಿ ಹತ್ತು ಜನ ಹಾಡುವವರನ್ನು ಕಳಿಸಿ ಎನ್ನುತ್ತಿದ್ದರು. ಗಾಯನ ಮಂಡಳಿ ಬ್ಯಾಂಡ್ ಸೆಟ್ ಅಲ್ಲ.

ಮೋಹನದಾಸರು ಸದಸ್ಯರಾಗಿರಲಿಲ್ಲ. ಹುಟ್ಟಿದ್ದು ಊರಿನ ನಮ್ಮ ಸಭೆಯಲ್ಲೇ, ದೀಕ್ಷಾಸ್ನಾನವೂ ಆಗಿತ್ತು. ನಂಬಿಕೆ ಮಾತ್ರ ಹಿಡಿಯಲಿಲ್ಲ. ಭಾನುವಾರ ನನ್ನನ್ನು ಕಾರಿನಲ್ಲಿ ಕರೆತಂದು ಇಳಿಸಿ, ಕಾರನ್ನು ಸರೋವರದ ಕಡೆಗೆ ಮುಖ ಮಾಡಿ ನಿಲ್ಲಿಸಿ ರೇಡಿಯೋದಲ್ಲಿ ಬೇಸ್‌ಬಾಲು ಕೇಳುತ್ತ ಕೂತಿರುತ್ತಿದ್ದರು. ಒಳಗೆ ಬನ್ನಿ ಎಂದರೆ, “ನಿನ್ನನ್ನು ಬಿಡ್ಲಿಕ್ಕೆ ಬಂದದ್ದು ನಿನ್ನ ದೇವರಿಗೆ ಕಾಣ್ತದಲ್ಲ, ಸಾಕು,” ಎನ್ನುತ್ತಿದ್ದರು.

ಅವರ ಸಂಸ್ಕಾರದ ದಿನ ನಮ್ಮ ಸಭೆಯ ಪಾದ್ರಿ ಅಯ್ಯನವರು ಒಂದು ಪ್ರಾರ್ಥನೆ ಹೇಳಿದರು. ಮಂಡಳಿ ಹಾಡಲಿಲ್ಲ. ಇದೇ ನಿಜಗುಣ ಬಂದು, “ನಿಮಗಂತ ಒಂದ್ ಎಕ್ಸೆಪ್ಷನ್ ಮಾಡೋಣೇನ್ರಿ, ಅಮ್ಮಾರ?” ಎಂದಿದ್ದ. ಬೇಡ ಎಂದೆ. ಅವನ ದಯೆ ನನಗೆ ಬೇಕಿರಲಿಲ್ಲ. ನಿಯಮವೆಂದರೆ ನನ್ನ ಮನೆಗೂ ಸೇರಿ.

ಇವತ್ತೂ ನಿಯಮದ ಮಾತನ್ನೇ ಹೇಳಿದೆ. “ಅಲ್ಲಿ ನಾನು ಹಾಡುವುದು ಬರೀ ಸ್ವರ. ಅರ್ಥ ಸಹ ಗೊತ್ತಿಲ್ಲ. ಯಾವ ನಿಯಮ ಮುರಿಯಿತು, ತೋರಿಸಿ.”

ವಿಷಯವನ್ನು ಕಮಿಟಿಯ ಮುಂದೆ ಇಡುತ್ತಾನಂತೆ. ಇಡಲಿ.

ಅಕ್ಟೋಬರ್ 7, ಮಂಗಳವಾರ

ಬಿಡುವಿನಲ್ಲಿ ಡಾರಿಯೊನನ್ನು ಕೇಳಿದೆ, ಇದನ್ನು ಯಾವ ರಾಜನ ಸಾವಿಗೆ ಬರೆದದ್ದು ಎಂದು. ಆ ಕಾಲದಲ್ಲಿ ಇಂಥದ್ದೆಲ್ಲ ದೊಡ್ಡವರು ಹೇಳಿ ಬರೆಸುತ್ತಿದ್ದರಲ್ಲ.

“ಯಾರ ಸಾವಿಗೂ ಅಲ್ಲ,” ಎಂದ. ಆ ಊರಿನಲ್ಲಿ ಒಂದು ಸಂಘವಿತ್ತಂತೆ, ದಿಕ್ಕಿಲ್ಲದ ಹೆಣಗಳನ್ನು ಹೂಳುವವರದು. ದಾರಿಯಲ್ಲಿ ಸತ್ತವರು, ಸೆರೆಮನೆಯಲ್ಲಿ ಸತ್ತವರು, ಪಾದ್ರಿ ಒಲ್ಲೆ ಎಂದವರು. ನೇಣಿನ ಹಗ್ಗದಿಂದ ಇಳಿಸಿದವರನ್ನೂ ಹೊತ್ತು ತರುತ್ತಿದ್ದರು. ಬರಿದೇ ಮಣ್ಣು ಹಾಕಬಾರದು, ಇವರಿಗೂ ಹಾಡಿಸಬೇಕು ಎಂದು ಆ ಸಂಘದವರು ಕಿಯಾರೆಲ್ಲಾನನ್ನು ಕೇಳಿದರು. ಅವನೂ ಆ ಸಂಘದವನೇ, ತಾನೂ ಹೆಣಕ್ಕೆ ಹೆಗಲು ಕೊಡುತ್ತಿದ್ದ.

“ಕುಣಿಯುವ ಹಾಗೆ ಯಾಕೆ ಬರೆದ?”

“ಬದುಕಿದ್ದಾಗ ಅವರಿಗೆ ಯಾರೂ ಪಿಟೀಲು ನುಡಿಸಿರಲಿಲ್ಲ ಅಲ್ಲವಾ?” ಎಂದು ಕಾಫಿ ಕುಡಿದ.

ಅದು ಉತ್ತರವಲ್ಲ. ಯಾವ ಸಭೆಗೂ ಸೇರದವರಿಗೆ ಇಷ್ಟು ಚಂದದ ಆಲ್ಟೋ ಬರೆದನಲ್ಲ, ಹುಚ್ಚ. ಕೊನೆಯ ಭಾಗಕ್ಕಿಂತ ಮುಂಚೆ ಒಂದು ಕಡೆ ರಾಗವನ್ನೇ ಆಲ್ಟೋಗೆ ಕೊಟ್ಟಿದ್ದಾನೆ. ಸೊಪ್ರಾನೊದವರು ಬಾಯಿ ಮುಚ್ಚಿ ನಿಲ್ಲಬೇಕು. ನನ್ನ ಆಯುಷ್ಯದಲ್ಲಿ ಹಾಗೆ ಯಾರೂ ಕೊಟ್ಟದ್ದಿಲ್ಲ.

ಜೋಕಾಲಿಯ ಭಾಗ ಅಷ್ಟು ಕೆಟ್ಟದ್ದೇನಲ್ಲ. ಹಾಡುತ್ತ ರೂಢಿಯಾಗುತ್ತದೆ.

ಅಕ್ಟೋಬರ್ 13, ಸೋಮವಾರ

ಥ್ಯಾಂಕ್ಸ್‌ಗಿವಿಂಗ್. ಇಲ್ಲಿನವರ ಸುಗ್ಗಿ ಹಬ್ಬ. ಟರ್ಕಿ ಹಕ್ಕಿಯನ್ನು ಇಡಿಯಾಗಿ ಸುಡುವ ಪದ್ಧತಿ ನನಗೆ ಒಗ್ಗದು. ತುಂಡು ಮಾಡಿ, ಹುರಿದ ಕೊತ್ತಂಬರಿ ಮೆಣಸು ಅರೆದು ನಮ್ಮ ಕಡೆಯ ಒಣಮಸಾಲೆಯ ಸುಕ್ಕ ಮಾಡಿದೆ. ಲತೀಶ ಎರಡು ಗ್ಲಾಸು ವೈನು ಕುಡಿದಿದ್ದ. ಊಟದ ನಡುವೆ, ಯಾರೂ ಏನೂ ಕೇಳದೆ,

“ಅಮ್ಮ, ನೀವು ಇಟಾಲಿಯನ್ಸ್‌ಗೆ ಹಾಡ್ತೀರಿ. ನಿಜಗುಣ ಅಂಕಲ್‌ನ ಅತ್ತೆ ಸತ್ತಾಗ ಸ್ನೋ ಸ್ಟಾರ್ಮಲ್ಲಿ ಹೋಗಿ ಹಾಡಿದ್ರಿ. ಅಪ್ಪ ನಿಮ್ಮನ್ನು ಡ್ರೈವ್ ಮಾಡಿದ್ದು. ಅಪ್ಪನಿಗೆ ಒಂದು ಹಾಡಿಲ್ಲ. ನಾಟ್ ಒನ್,” ಎಂದ.

“ಲತೀಶ್, ಸ್ಟಾಪ್,” ಎಂದಳು ಕ್ಷಮಾ.

“ಅವರು ಸದಸ್ಯರಲ್ಲ. ನಿನಗೆ ಗೊತ್ತುಂಟು,” ಎಂದೆ.

“ಹಿ ವಾಸ್ ಯುವರ್ ಹಸ್ಬೆಂಡ್. ಅದಕ್ಕೆಂತ ಮೆಂಬರ್‌ಶಿಪ್ಪು?”

ತಟ್ಟೆಯಲ್ಲಿ ಉಳಿದದ್ದನ್ನು ತಿನ್ನು ಎಂದೆ. ತಿಂದ. ಮಕ್ಕಳಿಗೆ ಬಾಯಿ ಬಂದ ಕೂಡಲೇ ಬುದ್ಧಿ ಬರುವುದಿಲ್ಲ. ಅವನಿಗೀಗ ನಲವತ್ತು, ಇನ್ನೂ ಬಂದಿಲ್ಲ.

ಪಾತ್ರೆ ನಾನೇ ತೊಳೆದೆ. ಡಿಶ್‌ವಾಷರಿಗೆ ಹಾಕಲು ಬಿಡಲಿಲ್ಲ.

ಅಕ್ಟೋಬರ್ 15, ಬುಧವಾರ

ಅಭಿನಂದನ್ ಅಯ್ಯನವರು ಬಂದಿದ್ದರು. ಹುಬ್ಬಳ್ಳಿಯವರು, ಲತೀಶನಿಗಿಂತ ಚಿಕ್ಕವರು, ಜಗಳ ಕಂಡರೆ ಬೆವರುತ್ತಾರೆ. ನೀರುದೋಸೆ ಇಟ್ಟೆ. ತಿಂದು ಮುಗಿಯುವವರೆಗೆ ವಿಷಯ ಎತ್ತಲಿಲ್ಲ. ಅಷ್ಟರಮಟ್ಟಿಗೆ ಒಳ್ಳೆಯವರು.

“ಅಮ್ಮಾರ, ಕಮಿಟಿ ಭಾಳ ಬಿಸಿ ಆಗೇತ್ರಿ. ಲೀಡರ್‌ನ ತಗೀಬೇಕು ಅಂತ ಮೂರು ಮಂದಿ ಅಂತಾರ. ನಾ ಒಂದ್ ದಾರಿ ಹುಡಿಕೇನ್ರಿ. ಇಪ್ಪತ್ತಾರಕ್ಕ ಸಭಾದಾಗ ಎದ್ದು ನಿಂತು ಒಂದ್ ಮಾತ ಹೇಳ್ರಿ: ‘ನಾನು ಅಲ್ಲಿ ಹಾಡೋದು ಸಂಗೀತಕ್ಕಾಗಿ ಮಾತ್ರ, ಸತ್ತವರಿಗಾಗಿ ಅಲ್ಲ.’ ಅಷ್ಟ. ಮುಗೀತು. ಕುರ್ಚಿ ನಿಮ್ದ.”

“ಅದು ನಾನೇ ಹೇಳಿದ ಮಾತಲ್ಲವಾ?”

“ಅದಕ್ಕ ಅಂದೆ. ನಿಮ್ಮ ಮಾತ ನಿಮಗ ಕೊಡಾಕತ್ತೀನಿ.”

ಒಪ್ಪಿಕೊಂಡೆ. ನಿಜವನ್ನು ಒಂದಲ್ಲ ಹತ್ತು ಸಲ ಹೇಳಬಹುದು. ಹೊರಡುವಾಗ ಗೋಡೆಯಲ್ಲಿದ್ದ ಮೋಹನದಾಸರ ಫೋಟೋ ನೋಡಿ, “ಅವತ್ತ ನಾನೂ ಒಂದ್ ಹಾಡು ಹಾಡಬೇಕಾಗಿತ್ರಿ,” ಎಂದರು. ನಾನು ಕೇಳಿಸದ ಹಾಗೆ ಚಪ್ಪಲಿ ಸರಿಸಿ ಕೊಟ್ಟೆ. ಅವರ ಶ್ರುತಿ ಮೊದಲೇ ಕಷ್ಟ.

ಅಕ್ಟೋಬರ್ 21, ಮಂಗಳವಾರ

ನಿನ್ನೆ ಇಲ್ಲಿನ ಬೇಸ್‌ಬಾಲ್ ತಂಡ ಬ್ಲೂ ಜೇಸ್ ಗೆದ್ದು ವರ್ಲ್ಡ್ ಸೀರೀಸಿಗೆ ಹೋಯಿತು. ಕೂಗಿ ಕೂಗಿ ಟೆನರ್ ಹಾಡುವ ಗಂಡಸರಿಗೆಲ್ಲ ಇವತ್ತು ಗಂಟಲೇ ಇಲ್ಲ, ಬಾತುಕೋಳಿಗಳ ಹಾಗೆ ನಿಂತಿದ್ದರು. ಡಾರಿಯೊ ಗಂಡಸರನ್ನು ಮನೆಗೆ ಕಳಿಸಿ ಹೆಂಗಸರಿಂದ ಮಾತ್ರ ಹಾಡಿಸಿದ.

ಹಾಗಾಗಿ ಬೇಗ ಬಿಟ್ಟಿತು. ಅಸುಂತಾಳ ಅಡಿಗೆಮನೆಯಲ್ಲಿ ಕಾಫಿ. ಅವಳು ಹೇಳಿದಳು, ಊರಿನಲ್ಲಿ ಅವಳ ಅಮ್ಮ ನವೆಂಬರ್ ಒಂದರ ಸಂಜೆ ಊಟವಾದ ಮೇಲೆ ಮೇಜು ತೆಗೆಯುತ್ತಿರಲಿಲ್ಲವಂತೆ. ರೊಟ್ಟಿ, ನೀರು, ಒಂದು ದೀಪ ಇಟ್ಟು ಬಾಗಿಲ ಚಿಲಕ ಹಾಕದೆ ಮಲಗುತ್ತಿದ್ದಳಂತೆ, ಸತ್ತವರು ಬಂದು ತಿಂದು ಹೋಗಲಿ ಎಂದು. “ಪಾದ್ರಿ ಬೈಯುತ್ತಿದ್ದ. ಅಮ್ಮ, ಹೌದು ಫಾದರ್ ಅನ್ನುತ್ತಿದ್ದಳು, ಮತ್ತೆ ಇಡುತ್ತಿದ್ದಳು.”

ನಮ್ಮಲ್ಲೂ ಒಬ್ಬಳಿದ್ದಳು ಎಂದೆ. ಯಾಕೆ ಹೇಳಿದೆನೋ. ಅಪ್ಪನ ಅಜ್ಜಿ, ಕೊರಪ್ಪೊಳು. ದೀಕ್ಷಾಸ್ನಾನದಲ್ಲಿ ಪಾದ್ರಿ ರೂತ್ ಎಂದು ಹೆಸರಿಟ್ಟ, ಅವಳು ಕರೆದರೆ ಓಗೊಡುತ್ತಿದ್ದದ್ದು ಕೊರಪ್ಪೊಳು ಎಂದರೆ ಮಾತ್ರ. ತುಳುನಾಡಿನಲ್ಲಿ ಸತ್ತವರಿಗೆ ಕುಲೆ ಎನ್ನುತ್ತಾರೆ, ಮಳೆಗಾಲದಲ್ಲಿ ಅವರಿಗೆ ಎಲೆ ಹಾಕಿ ಬಡಿಸುವ ಕ್ರಮ. ಕ್ರೈಸ್ತಳಾದ ಮೇಲೂ ಅವಳು ಮಿಶನ್ ಮನೆಯ ಹಿಂದೆ ಸತ್ತ ಮಗನಿಗೆ ಎಲೆ ಹಾಕಿ ಮೀನಿನ ಸಾರು ಬಡಿಸಿ ಸಿಕ್ಕಿಬಿದ್ದಳು. ಆರು ತಿಂಗಳು ಕರ್ತನ ಭೋಜನದಿಂದ, ಎಂದರೆ ಚರ್ಚಿನ ರೊಟ್ಟಿ-ದ್ರಾಕ್ಷಾರಸದ ಪಂಕ್ತಿಯಿಂದ, ಹೊರಗಿಟ್ಟರು. ನಮ್ಮ ಮನೆಯಲ್ಲಿ ಈ ಕಥೆಯನ್ನು ಹೇಳುತ್ತಿದ್ದದ್ದು ಹೀಗೆ ಮಾಡಬಾರದು ಎಂದು ತೋರಿಸಲು. ನಾನೂ ಲತೀಶನಿಗೆ ಹಾಗೆಯೇ ಹೇಳಿದ್ದೆ.

ಅಸುಂತಾ ಮೇಜು ತಟ್ಟಿ ನಕ್ಕಳು. “ಆಮೇಲೆ ಬಿಟ್ಟಳಾ?”

“ಎಲ್ಲಿ ಬಿಟ್ಟಳು! ಹೊರಗಿದ್ದ ಆರು ತಿಂಗಳೂ ದಿನಾ ಬಡಿಸಿದಳಂತೆ. ಹೇಗೂ ಶಿಕ್ಷೆ ನಡೀತಾ ಉಂಟಲ್ಲ ಅಂತ,” ಎಂದೆ. ಈ ಭಾಗವನ್ನು ಲತೀಶನಿಗೆ ಹೇಳಿರಲಿಲ್ಲ. ನನಗೂ ನಗು ಬಂತು.

ಕಾಫಿ ಚೆಲ್ಲಿ ಪುಸ್ತಕದ ಕಂದು ಕಾಗದ ಒದ್ದೆಯಾಯಿತು. ಬೇರೆ ಹಚ್ಚಲು ಕಿತ್ತಾಗ ಕೆಳಗಿದ್ದ ಇಂಗ್ಲಿಷ್ ಅರ್ಥ ಕಣ್ಣಿಗೆ ಬಿತ್ತು. ಓದಿದೆ ಎನ್ನಲಾರೆ, ಬಿತ್ತು. ಪಾಪ ತೊಳೆ, ತೀರ್ಪು ತಿದ್ದು ಎಂದು ದೇವರ ಹತ್ತಿರ ಚೌಕಾಸಿ ಇರಬಹುದು ಎಂದುಕೊಂಡಿದ್ದೆ. ಬೇರೆ ಕಡೆ ಅದೂ ಇದೆ. ಆದರೆ ಮೊದಲಿಗೆ, ಕೊನೆಗೆ ಕೇಳುವುದು ಎರಡೇ. ಸ್ವಲ್ಪ ವಿಶ್ರಾಂತಿ, ಸ್ವಲ್ಪ ಬೆಳಕು.

ಮೋಹನದಾಸರು ಫ್ಯಾಕ್ಟರಿಯ ಶಿಫ್ಟು ಮುಗಿಸಿ ಬಂದು ಹಾಸಿಗೆಗೆ ಬೀಳುತ್ತಿದ್ದರು. ಮಲಗಲು ಬಿಡು, ಲೈಟು ಆರಿಸಬೇಡ ಎನ್ನುತ್ತಿದ್ದರು. ಚಿಕ್ಕಂದಿನಿಂದ ಕತ್ತಲೆಯಲ್ಲಿ ನಿದ್ದೆ ಬಾರದು ಅವರಿಗೆ. ಕರೆಂಟು ಬಿಲ್ಲು ಯಾರು ಕಟ್ಟುವುದು ಎಂದು ನಾನು ಆರಿಸುತ್ತಿದ್ದೆ.

ಹೊಸ ಕಾಗದ ಹಚ್ಚಲಿಲ್ಲ. ಗೋಂದು ಸಿಗಲಿಲ್ಲ.

ಅಕ್ಟೋಬರ್ 26, ಭಾನುವಾರ

ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ, ನಾಳೆ ಜನ ಬೇರೆ ಥರ ಹೇಳುತ್ತಾರೆ.

ಕಾಣಿಕೆಯ ನಂತರ ಅಯ್ಯನವರು, “ಲಿಡಿಯಾ ಅಮ್ಮಾರು ಒಂದ್ ಮಾತ ಹೇಳ್ತಾರ,” ಎಂದರು. ಎದ್ದೆ. ಮಾತು ಬಾಯಿಪಾಠವಾಗಿತ್ತು, ನನ್ನದೇ ಮಾತು. “ನಾನು ಅಲ್ಲಿ ಹಾಡುವುದು,” ಎಂದು ಶುರು ಮಾಡಿದೆ.

ನಿಜಗುಣ ಎದುರಿನ ಸಾಲಿನಲ್ಲಿ ಕೈಕಟ್ಟಿ ಕೂತು ತಲೆಯಾಡಿಸುತ್ತಿದ್ದ, ಶಾಲೆಯ ಹುಡುಗಿ ಪದ್ಯ ಒಪ್ಪಿಸುವಾಗ ಮೇಷ್ಟ್ರು ತಲೆಯಾಡಿಸುವ ಹಾಗೆ. ಮುಂದಿನ ಶಬ್ದವನ್ನು ಅವನ ತುಟಿ ನನಗಿಂತ ಮೊದಲೇ ಆಡಿತು. ಸಂಗೀತಕ್ಕಾಗಿ.

“ಮೋಹನದಾಸರಿಗಾಗಿ,” ಎಂದೆ. “ನವೆಂಬರ್ ಎರಡು, ಮಧ್ಯಾಹ್ನ ಮೂರು ಗಂಟೆ, ಎಟೋಬಿಕೋಕಿನ ಇಟಲಿ ಚರ್ಚು. ಬರುವವರು ಬನ್ನಿ.”

ನಿಜಗುಣ ಎದ್ದು ನಿಂತ. “ಅಂದ್ರ, ಸತ್ತವರಿಗೆ ಪ್ರಾರ್ಥನಾ ಮಾಡ್ತೀರಿ ಅಂದಂಗಾತು?”

“ಹೌದು. ಬರೆದುಕೊ.”

“ಅಮ್ಮಾರ, ವಿಚಾರ ಮಾಡಿ ಹೇಳ್ರಿ,” ಅಯ್ಯನವರ ಮುಖ ಸುಣ್ಣವಾಗಿತ್ತು.

“ವಿಚಾರ ಮಾಡಿದ್ದು ಇಷ್ಟು ದಿನ ಹೇಳಿದೆ. ಈಗ ಹೇಳಿದ್ದು ಇದು.”

ಚಹಾ ಮುಗಿಯುವುದರೊಳಗೆ ಕಮಿಟಿ ಮೂಲೆಯಲ್ಲಿ ಸೇರಿ ಮುಗಿಸಿತು. ನನಗೆ “ಸ್ವಲ್ಪ ರೆಸ್ಟು” ಕೊಡುತ್ತಾರಂತೆ. ನಿಜಗುಣನ ಹೆಂಡತಿ ನೀಲಾಂಬಿಕಾ ಮಂಡಳಿ ನಡೆಸುತ್ತಾಳೆ. ಅವಳಿಗೆ ಒಳ್ಳೆಯ ಕಂಠ ಇದೆ, ತಾಳ ಇಲ್ಲ. ಸ್ವರದ ಪುಸ್ತಕಗಳನ್ನು ಅವಳ ಮಡಿಲಿಗೆ ಹಾಕಿದೆ. ಅವಳು ಕಣ್ಣೀರು ಹಾಕಿದಳು. “ಅಳುತ್ತ ಹಾಡಿದರೆ ಶ್ರುತಿ ಇಳಿಯುತ್ತದೆ,” ಎಂದು ಹೇಳಿ ಬಂದೆ.

ಅವನು ತಲೆಯಾಡಿಸಿದ್ದೇ ಕಾರಣ. ಸಿಟ್ಟಿನಲ್ಲಿ ಬಾಯಿಗೆ ಸಿಕ್ಕಿದ ಹೆಸರು ಹೇಳಿದೆ. ಅಷ್ಟೇ.

ಅಕ್ಟೋಬರ್ 27, ಸೋಮವಾರ

ಸಿಟ್ಟಿನ ಮಾತೇ ಅದು. ಬೇಕಾದರೆ ಹಿಂದೆ ತೆಗೆದುಕೊಳ್ಳಬಹುದು, ಅಯ್ಯನವರು ಬೆಳಗಿನಿಂದ ಫೋನು ಮಾಡುತ್ತಿದ್ದಾರೆ. ಎತ್ತಲಿಲ್ಲ.

ನವೆಂಬರ್ 2, ಭಾನುವಾರ

ನಿನ್ನೆಯ ಕೊನೆಯ ಆಟದಲ್ಲಿ ಬ್ಲೂ ಜೇಸ್ ಸೋತಿತು. ಗಡಿಯಾರವೂ ಒಂದು ಗಂಟೆ ಹಿಂದೆ ಹೋಗಿದೆ. ಇಡೀ ಊರಿಗೆ ಸೂತಕ. ಚರ್ಚು ತುಂಬಿತ್ತು. ಅರ್ಧ ಜನ ತಮ್ಮವರ ಸಾವಿಗೆ ಅಳುತ್ತಿದ್ದರೋ ಆಟಕ್ಕೋ ಹೇಳಲಾಗದು. ಅಸುಂತಾ ನನ್ನ ಕಿವಿಯಲ್ಲಿ, “ಕಿಯಾರೆಲ್ಲಾನಿಗೆ ಅದೃಷ್ಟ, ಇಂಥ ಜನ ಮತ್ತೆ ಸಿಗುವುದಿಲ್ಲ,” ಎಂದಳು.

ಕನ್ನಡ ಸಭೆಯಿಂದ ಒಬ್ಬರೂ ಬರಲಿಲ್ಲ. ನಾನೂ ಕಾದಿರಲಿಲ್ಲ. ಲತೀಶ, ಕ್ಷಮಾ ನಾಲ್ಕನೆಯ ಸಾಲಿನಲ್ಲಿದ್ದರು. ಅವನು ತಲೆಯ ಮೇಲಿನ ನೀಲಿ ಟೋಪಿ ತೆಗೆಯಲು ಮರೆತು ಕೂತಿದ್ದ, ಹಿಂದಿನ ಮುದುಕಿ ತಟ್ಟಿ ತೆಗೆಸಿದಳು.

ಬಿಳಿ ಸೀರೆ ಉಡಲಿಲ್ಲ. ಮೋಹನದಾಸರಿಗೆ ಬಿಳಿ ಆಗುತ್ತಿರಲಿಲ್ಲ. ಕೆಂಪಂಚಿನ ಹಳದಿ ಉಟ್ಟೆ. ಎಲ್ಲರೂ ಕಪ್ಪು, ನಡುವೆ ನಾನು. ನೋಡಲಿ.

ಹಾಡಿದೆವು. ಪಿಟೀಲುಗಳು ಓಡಿದವು. ರಾಗ ಆಲ್ಟೋಗೆ ಬರುವಲ್ಲಿ ಸೊಪ್ರಾನೊದವರು ಬಾಯಿ ಮುಚ್ಚಿದರು, ನಾವು ನಾಲ್ವರೇ ಉಳಿದೆವು. ನನ್ನ ಕನ್ನಡ ಅಕ್ಷರದ ಹಾಳೆ ಕೈಯಲ್ಲಿತ್ತು, ನೋಡಬೇಕಾಗಲಿಲ್ಲ. ಏನು ಹೇಳುತ್ತಿದ್ದೇನೆಂದು ಪ್ರತಿ ಶಬ್ದವೂ ಗೊತ್ತಿತ್ತು.

ಲತೀಶ ತಲೆ ತಗ್ಗಿಸಿ ಭುಜ ಅಲುಗಿಸುತ್ತಿದ್ದ. ನಿದ್ದೆ ತೂಗಿರಬೇಕು, ಆಟ ಮುಗಿಯುವಾಗ ಹನ್ನೆರಡು ಕಳೆದಿತ್ತು.

ಮುಗಿದ ಮೇಲೆ ಡಾರಿಯೊ ಬಂದು ಕೈ ಹಿಡಿದ. “ಇವತ್ತು ಗೋಡೆ ಇರಲಿಲ್ಲ.”

“ಸ್ವರ ಜಾರಿತಾ?” ಎಂದು ಕೇಳಿದೆ.

“ಇಲ್ಲ.”

“ಮತ್ತೆ ಸರಿ,” ಎಂದೆ.

ಕಾರಿನಲ್ಲಿ ಮನೆಗೆ ಬಂದೆವು. ಲತೀಶ ಬಾಗಿಲು ತೆಗೆದು ಇಳಿಸಿ ನನ್ನ ಸೀರೆಯ ಸೆರಗನ್ನು ಹೆಗಲಿಗೆ ಸರಿಯಾಗಿ ಹಾಕಿದ. ಅವನು ಚಿಕ್ಕವನಿದ್ದಾಗಲೂ ಹಾಗೆ ಮಾಡಿದವನಲ್ಲ.

ನವೆಂಬರ್ 9, ಭಾನುವಾರ

ಹೋಗಬೇಡಿ ಎಂದಳು ಕ್ಷಮಾ. ಕುರ್ಚಿ ತೆಗೆದಿದ್ದಾರೆ, ಸಭೆಯಿಂದ ತೆಗೆದಿಲ್ಲವಲ್ಲ. ಹೋದೆ. ಮುಂದೆ ಜಾಗವಿಲ್ಲ ಎಂದ ಮೇಲೆ ನಡುವೆ ಕೂತು ಮುಖ ಮರೆಸುವುದು ನನ್ನಿಂದಾಗದು. ಕೊನೆಯ ಬೆಂಚಿಗೆ ಹೋಗಿ ನೆಟ್ಟಗೆ ಕೂತೆ.

ಮೊದಲ ಕೀರ್ತನೆಗೆ ನೀಲಾಂಬಿಕಾ ಬಹಳ ಮೇಲೆ ಎತ್ತಿಕೊಂಡಳು. ಎರಡನೆಯ ಸಾಲಿಗೆ ಅವಳ ಆಲ್ಟೋಗಳು ಹೆದರಿ ರಾಗದೊಳಗೆ ಸೇರಿಬಿಟ್ಟರು. ನಾನು ಹಿಂದಿನಿಂದ ನನ್ನ ಸಾಲು ಹಿಡಿದೆ, ಪೂರ್ತಿ ದನಿಯಲ್ಲಿ. ಮುಂದಿನವರ ಕುತ್ತಿಗೆಗಳು ತಿರುಗಿದವು. ನಿಜಗುಣನದೂ. ಅಯ್ಯನವರು ಪುಸ್ತಕದಲ್ಲಿ ಮುಖ ಹುದುಗಿಸಿದರು. ನಾಲ್ಕು ಚರಣ ಮುಗಿಯುವವರೆಗೆ ಬಿಡಲಿಲ್ಲ.

ಕೊನೆಯ ಬೆಂಚಿನಲ್ಲಿ ಯಾರು ಕೂರುತ್ತಾರೆಂದು ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಮಗುವನ್ನು ತೂಗುವವರು, ತಡವಾಗಿ ಬಂದವರು, ಹೆಂಡತಿಯ ಒತ್ತಾಯಕ್ಕೆ ಬಂದವರು. ನನ್ನ ಪಕ್ಕದಲ್ಲಿ ಒಬ್ಬ ದಪ್ಪ ಮನುಷ್ಯ, ಟ್ರಕ್ಕು ಓಡಿಸುವವನು, ಬೆಳಗಾವಿ ಕಡೆಯವನು. ಹೆಸರು ಸಂತೋಷಕುಮಾರ. ಆಶೀರ್ವಾದ ಮುಗಿದರೂ ಏಳಲಿಲ್ಲ.

“ಅಮ್ಮಾರ, ನಮ್ಮವ್ವ ಪಾರ್ವತೆವ್ವ ಶುಕ್ರವಾರ ಹೋದ್ಲ್ರಿ. ಇಲ್ಲೆ ಕುಂಡ್ರತಿದ್ಲು, ನನ್ನ ಬಾಜೂಕ. ಆಕಿಗಿ ವಾಕ್ಯ ಗೀಕ್ಯ ತಿಳೀತಿದ್ದಿಲ್ಲ. ನಿಮ್ಮ ಹಾಡು ಕೇಳಾಕ ಅಂತ ಬರ್ತಿದ್ಲು.” ಅವನು ಟೋಪಿಯನ್ನು ಹಿಂಡುತ್ತಿದ್ದ. “ಸೆಕ್ರೆಟರಿಯವರನ್ನ ಕೇಳಿದ್ನಿರಿ. ಮೆಂಬರ್ ಅಲ್ಲ, ಮಂಡಳಿ ಬರೂದಿಲ್ಲ ಅಂದ್ರು. ಖರೇನ ಐತಿ, ನಾವು ಮೆಂಬರ್ ಅಲ್ರಿ.”

“ಎಲ್ಲಿ, ಎಷ್ಟು ಗಂಟೆಗೆ?” ಎಂದು ಕೇಳಿದೆ.

“ಬ್ರಾಂಪ್ಟನ್ನದಾಗ್ರಿ. ಗುರುವಾರ, ಹನ್ನೊಂದಕ್ಕ. ನೀವು ಒಬ್ಬರ ಬರ್ತೀರೇನ್ರಿ?”

“ಒಬ್ಬಳು ಬಂದರೆ ಎಂತ ಪ್ರಯೋಜನ? ಆಲ್ಟೋ ಒಂದೇ ಹಾಡಿದರೆ ಯಾವ ಹಾಡು ಅಂತ ನಿಮ್ಮಮ್ಮನಿಗೂ ತಿಳಿಯದು. ಜನ ತರುತ್ತೇನೆ.”

ನಿಜಗುಣ ಕುರ್ಚಿ ಮಡಚುತ್ತ ಕೇಳಿಸಿಕೊಳ್ಳುತ್ತಿದ್ದ. ಕೇಳಲಿ ಎಂದೇ ದೊಡ್ಡದಾಗಿ ಹೇಳಿದೆ.

ಅಸುಂತಾ ಬರುತ್ತಾಳೆ. ಕನ್ನಡದ ಶಬ್ದಗಳನ್ನು ಅವಳಿಗೆ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕೊಟ್ಟಾಯಿತು. ಲತೀಶ ರಜೆ ಹಾಕಿ ಕಾರು ಓಡಿಸುತ್ತಾನೆ, ಕೆಳಸ್ವರವನ್ನೂ ಅವನೇ ಹಾಡಬೇಕು. ರಾಗಕ್ಕೆ ಮಾತ್ರ ಯಾರೂ ಇಲ್ಲ. ಸಂಜೆ ಕ್ಷಮಾಳನ್ನು ಅಡಿಗೆಮನೆಯ ಸ್ಟೂಲಿನ ಮೇಲೆ ಕೂರಿಸಿ ಮೊದಲ ಸಾಲು ಹೇಳಿಕೊಟ್ಟೆ. “ಅಮ್ಮ, ನನಗೆ ಬಾತ್‌ರೂಮಲ್ಲಿ ಸಹ ಹಾಡಿ ಗೊತ್ತಿಲ್ಲ,” ಎಂದು ಅಳುವ ಹಾಗೆ ಮಾಡಿದಳು. ಶ್ರುತಿ ನಿಲ್ಲುವುದಿಲ್ಲ ಅವಳದ್ದು.

ಗುರುವಾರದೊಳಗೆ ನಿಲ್ಲಿಸುತ್ತೇನೆ.